ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ದವಡೆ ಆಪರೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆ ನವನಗರದವಳು. ಬ್ಯಾಂಕಿನಲ್ಲಿ ಕೆಲಸ. 43ನೇ ವಯಸ್ಸಿನಲ್ಲಿ ಬೆಳಗಾವಿಯಲ್ಲಿ ನನ್ನ ಎರಡೂ ದವಡೆಗಳ ಆಪರೇಷನ್ ಆಯಿತು. ಕಾರಣ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಅದಾದ ಮೇಲೆ ಬೀಗರು, ಬೀಗರ ಪರಿಚಯದವರು, ಜಮಖಂಡಿ, ಮುಧೋಳ, ಇಂಡಿ ಕಡೆಯವರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಅವನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಅನುಭವಿಸಿದ್ದು, ಡಾಕ್ಟರನ್ನು ಕೇಳಿ ತಿಳಿದದ್ದು, ಓದಿದ್ದು ಇಷ್ಟು. ನಿಮ್ಮ ದವಡೆಗೆ ಏನು ಬೇಕು ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಗೊರಕೆ ಎಲ್ಲರೂ ಹೊಡೆಯುತ್ತಾರೆ. ಅದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ಬರೀ ಗೊರಕೆಗೆ ಬೇಡ. ಗೊರಕೆ ನಡುವೆ ಒಮ್ಮೆಲೇ ಸದ್ದು ನಿಂತು, ಸ್ವಲ್ಪ ಹೊತ್ತಾದ ಮೇಲೆ ಗಕ್ಕನೆ ಉಸಿರು ಎಳೆದುಕೊಂಡರೆ ಚಿಂತೆ ಮಾಡಬೇಕು. ಆ ಮೌನದಲ್ಲಿ ಗಂಟಲು ಮುಚ್ಚಿಕೊಂಡಿರುತ್ತದೆ. ಎದೆ ಎಳೆಯುತ್ತಿರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಆಗ ಮೆದುಳು ನಮ್ಮನ್ನು ಅರೆಬರೆ ಎಬ್ಬಿಸಿ ಉಸಿರು ತರಿಸುತ್ತದೆ. ನಮಗೆ ಅದು ನೆನಪೇ ಇರುವುದಿಲ್ಲ.

ಕನಿಷ್ಠ 10 ಸೆಕೆಂಡ್ ಉಸಿರು ನಿಂತರೆ ಒಂದು ಸಲ ಅಂತ ಲೆಕ್ಕ. ಉಸಿರು ಪೂರ್ತಿ ನಿಲ್ಲದೆ ಕಡಿಮೆಯಾಗಿ ಆಕ್ಸಿಜನ್ ಕುಸಿದರೂ ಲೆಕ್ಕಕ್ಕೆ ಬರುತ್ತದೆ. ಗಂಟೆಗೆ ಇಂಥವು 5ಕ್ಕಿಂತ ಕಡಿಮೆ ಇದ್ದರೆ ಸರಿ. 5ರಿಂದ 15 ಅಂದರೆ ಸಣ್ಣ ಮಟ್ಟದ್ದು, 15ರಿಂದ 30 ಮಧ್ಯಮ, 30 ದಾಟಿದರೆ ಜೋರು. ನನ್ನದು 41 ಇತ್ತು. ಅಂದರೆ ಒಂದೂವರೆ ನಿಮಿಷಕ್ಕೊಮ್ಮೆ. ಹೀಗೆ ವರ್ಷಗಟ್ಟಲೆ ನಡೆದರೆ ಬಿಪಿ ಏರುತ್ತದೆ, ಹೃದಯದ ಮೇಲೆ ಭಾರ ಬೀಳುತ್ತದೆ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತದೆ. ಮೂರು ಬಗೆ ಬಿಪಿ ಗುಳಿಗೆ ತಿಂದರೂ ಬಿಪಿ ಇಳಿಯದಿದ್ದರೆ ಒಮ್ಮೆ ನಿದ್ದೆ ಪರೀಕ್ಷೆ ಮಾಡಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ನಾನು ತೆಳ್ಳಗಿದ್ದೇನೆ, ಅದೂ ಹೆಂಗಸು. ನನಗೂ ಬರುತ್ತದಾ?

ಬರುತ್ತದೆ. ನಾನು 54 ಕೆಜಿ ಇದ್ದೆ. ಇದು ದಪ್ಪಗಿರುವ ಗಂಡಸರ ಕಾಯಿಲೆ ಅಂತ ಎಲ್ಲರೂ ತಿಳಿದಿದ್ದಾರೆ. ತೂಕ, ದಪ್ಪ ಕುತ್ತಿಗೆ ದೊಡ್ಡ ಕಾರಣಗಳೇ ಹೌದು. ಆದರೆ ಕೆಳದವಡೆ ಸಣ್ಣದಾಗಿ ಹಿಂದಕ್ಕೆ ಸರಿದಿದ್ದರೆ ನಾಲಿಗೆಗೆ ಜಾಗ ಸಾಲುವುದಿಲ್ಲ. ಅಂಗಾತ ಮಲಗಿದಾಗ ಅದು ಗಂಟಲಿಗೆ ಜಾರುತ್ತದೆ. ನನಗೆ ಚಿಕ್ಕಂದಿನಿಂದಲೂ ಗದ್ದ ಒಳಗೆ. "ನಿನಗ ಗದ್ದನ ಇಲ್ಲಲ್ಲವಾ" ಅಂತ ನಮ್ಮ ಅವ್ವ ಮುದ್ದಿನಿಂದ ಅನ್ನುತ್ತಿದ್ದಳು.

ಹೆಂಗಸರಲ್ಲಿ ಈ ಕಾಯಿಲೆ ಬೇರೆ ವೇಷದಲ್ಲಿ ಬರುವುದು ಜಾಸ್ತಿ. ಬೆಳಗಿನ ತಲೆನೋವು, ಸದಾ ಸುಸ್ತು, ನಡುರಾತ್ರಿ ಎಚ್ಚರ, ಮನಸ್ಸು ಕುಗ್ಗುವುದು. ಮುಟ್ಟು ನಿಂತ ಮೇಲೆ ಇನ್ನೂ ಹೆಚ್ಚುತ್ತದೆ. ನಾನು ಮೂರು ವರ್ಷ ರಕ್ತ ಕಡಿಮೆ, ಥೈರಾಯ್ಡ್ ಅಂತ ಪರೀಕ್ಷೆ ಮಾಡಿಸುತ್ತಾ ಓಡಾಡಿದೆ. ಒಬ್ಬ ಡಾಕ್ಟರು ಟೆನ್ಷನ್ ಅಂತ ನಿದ್ದೆ ಗುಳಿಗೆ ಬರೆದುಕೊಟ್ಟರು. ಈ ಕಾಯಿಲೆ ಇದ್ದವರಿಗೆ ಕೆಲವು ನಿದ್ದೆ ಗುಳಿಗೆಗಳು ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಗೊರಕೆ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಂಗಸು ಗೊರಕೆ ಹೊಡೆಯುತ್ತಾಳೆ ಅಂತ ಹೇಳಿಕೊಳ್ಳಲು ನಾಚಿಕೆ ಆಯಿತು. ಆ ನಾಚಿಕೆಗೆ ಮೂರು ವರ್ಷ ಹೋಯಿತು. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಪರೀಕ್ಷೆ ಹೇಗಿರುತ್ತದೆ? ನೋವಾಗುತ್ತದಾ?

ನೋವಿಲ್ಲ. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕು. ತಲೆಗೆ ತಂತಿ ಅಂಟಿಸುತ್ತಾರೆ, ಎದೆಗೂ ಹೊಟ್ಟೆಗೂ ಬೆಲ್ಟ್, ಮೂಗಿನ ಹತ್ತಿರ ಸಣ್ಣ ಕೊಳವೆ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್. ಮನೆಯಲ್ಲೇ ಮಾಡುವ ಚಿಕ್ಕ ಪರೀಕ್ಷೆಯೂ ಇದೆ. ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಹೇಗೆ ಬರುತ್ತದೆ ಅಂತ ನಾನೂ ಕೇಳಿದ್ದೆ. ಬಂತು.

ಇದರಿಂದ ಇನ್ನೊಂದು ಮುಖ್ಯ ಸಂಗತಿ ತಿಳಿಯುತ್ತದೆ. ಉಸಿರು ನಿಲ್ಲುವುದು ಗಂಟಲು ಮುಚ್ಚಿದ್ದಕ್ಕೋ, ಮೆದುಳು ಉಸಿರಾಡಲು ಹೇಳದೇ ಇದ್ದದ್ದಕ್ಕೋ ಅನ್ನುವುದು. ಎರಡನೆಯದಾದರೆ ದವಡೆ ಆಪರೇಷನ್ನಿಂದ ಉಪಯೋಗವಿಲ್ಲ. ಪರೀಕ್ಷೆ ಇಲ್ಲದೆ ಆಪರೇಷನ್ ಮಾತು ಆಡುವವರನ್ನು ನಂಬಬೇಡಿ.

ಮಷೀನ್ ಇದೆಯಲ್ಲ, ಅದನ್ನು ಬಿಟ್ಟು ಆಪರೇಷನ್ ಯಾಕೆ?

ಒಳ್ಳೆಯ ಪ್ರಶ್ನೆ. ಮೊದಲು ಮಷೀನನ್ನೇ ನೋಡಬೇಕು. ಸಿಪ್ಯಾಪ್ ಅಂತ ಅದರ ಹೆಸರು. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಅನ್ನುವ ಡಾಕ್ಟರು ಮತ್ತು ಅವರ ಜೊತೆಯವರು 1981ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಮಾಸ್ಕಿನಿಂದ ಗಾಳಿ ಒತ್ತಿ ಬರುತ್ತದೆ. ಆ ಒತ್ತಡಕ್ಕೆ ಗಂಟಲು ತೆರೆದೇ ಇರುತ್ತದೆ. ಹಾಕಿಕೊಂಡವರಿಗೆ ಮೊದಲ ರಾತ್ರಿಯಿಂದಲೇ ಕೆಲಸ ಮಾಡುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ.

ಕಷ್ಟ ಅಂದರೆ ಅದನ್ನು ದಿನಾ ಹಾಕಿಕೊಳ್ಳಬೇಕು. ನಾನು ಒಂದು ವರ್ಷ ಪ್ರಯತ್ನ ಮಾಡಿದೆ. ಮೂಗು ಒಣಗುತ್ತಿತ್ತು, ನಿದ್ದೆಗಣ್ಣಲ್ಲಿ ನಾನೇ ಕಿತ್ತೆಸೆಯುತ್ತಿದ್ದೆ. ತವರಿಗೆ ಹೋದಾಗ ಕರೆಂಟ್ ಹೋದರೆ ಮುಗಿಯಿತು. ರಾತ್ರಿಗೆ 4 ಗಂಟೆಯಾದರೂ ಹಾಕಿದರೆ ಬಳಸಿದ ಲೆಕ್ಕ ಅನ್ನುತ್ತಾರೆ. ನನ್ನದು ಎರಡು ಗಂಟೆ ದಾಟಲಿಲ್ಲ. ಮಾಸ್ಕ್ ಬದಲಿಸಿ, ನೀರಿನ ಡಬ್ಬಿ ಸೇರಿಸಿ, ಎಲ್ಲ ನೋಡಿದೆವು.

ನಡುವೆ ಇನ್ನೂ ದಾರಿಗಳಿವೆ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿ ಕುಡಿತ ಬಿಡುವುದು, ಕೆಳದವಡೆಯನ್ನು ಮುಂದೆ ಹಿಡಿದಿಡುವ ಹಲ್ಲಿನ ಪ್ಲೇಟ್. ಸಣ್ಣ, ಮಧ್ಯಮ ಮಟ್ಟದವರಿಗೆ ಆ ಪ್ಲೇಟ್ ಸಾಕಾಗಬಹುದು. ಮಷೀನ್ ಒಗ್ಗದೇ ಇದ್ದವರು, ಕಾಯಿಲೆ ಜೋರಾಗಿ ಇರುವವರು, ದವಡೆಯೇ ಸಣ್ಣದಿರುವವರು ಆಪರೇಷನ್ ಬಗ್ಗೆ ಯೋಚಿಸಬೇಕು. ಮಷೀನ್ ಒಗ್ಗಿ ಆರಾಮಾಗಿ ಇರುವವರಿಗೆ ನಾನಂತೂ ಆಪರೇಷನ್ ಮಾಡಿಸಿ ಅನ್ನುವುದಿಲ್ಲ.

ಆಪರೇಷನ್ನಿನಲ್ಲಿ ನಿಜವಾಗಿ ಏನು ಮಾಡುತ್ತಾರೆ?

ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಲೆಕ್ಕ ಹಾಕಿ ಕತ್ತರಿಸಿ, ಮುಂದಕ್ಕೆ ಸರಿಸಿ, ಟೈಟೇನಿಯಂ ಪಟ್ಟಿ ಮತ್ತು ಸ್ಕ್ರೂಗಳಿಂದ ಕೂರಿಸುತ್ತಾರೆ. ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸು. ಒಂದು ಸೆಂಟಿಮೀಟರ್ ಅಷ್ಟೇ ಅಲ್ವಾ ಅನಿಸಬಹುದು. ಆದರೆ ನಾಲಿಗೆಯ ಸ್ನಾಯು ಕೆಳದವಡೆಯ ಒಳಬದಿಗೆ ಕಚ್ಚಿಕೊಂಡಿದೆ. ಮೃದು ಅಂಗುಳ ಮೇಲ್ದವಡೆಯ ಹಿಂದೆ ಇದೆ. ಮೂಳೆ ಮುಂದೆ ಬಂದರೆ ಅವೂ ಬರುತ್ತವೆ. ನಮ್ಮ ಕಡೆ ತಂಬುವಿನ ಗೂಟ ಮುಂದಕ್ಕೆ ಹೊಡೆದರೆ ಬಟ್ಟೆ ಬಿಗಿಯಾಗಿ ಒಳಗೆ ಜಾಗ ಆಗುತ್ತದಲ್ಲ, ಹಾಗೆ. ಇಡೀ ಗಂಟಲ ದಾರಿ ಅಗಲವಾಗುತ್ತದೆ.

ಕೊಯ್ಯುವುದು ಬಾಯಿಯ ಒಳಗೇ. ಪೂರ್ತಿ ಅರಿವಳಿಕೆ ಕೊಡುತ್ತಾರೆ. ಮೂರರಿಂದ ಐದು ಗಂಟೆ ಹಿಡಿಯಬಹುದು. ಮೊದಲ ರಾತ್ರಿ ಸಾಮಾನ್ಯವಾಗಿ ಐಸಿಯುನಲ್ಲಿ ಇಟ್ಟು ಉಸಿರು ನೋಡಿಕೊಳ್ಳುತ್ತಾರೆ. ನಾನು ನಾಲ್ಕನೇ ದಿನ ಮನೆಗೆ ಬಂದೆ.

ಮೊದಲು ಎಕ್ಸ್‌ರೇ, ಸ್ಕ್ಯಾನ್ ಮಾಡಿ ಎಷ್ಟು ಸರಿಸಬೇಕು ಅಂತ ಕಂಪ್ಯೂಟರಿನಲ್ಲಿ ನೋಡುತ್ತಾರೆ. ಕೆಲವರಿಗೆ ಔಷಧಿಯಿಂದ ನಿದ್ದೆ ತರಿಸಿ, ಮೂಗಿನಿಂದ ಕ್ಯಾಮೆರಾ ಇಳಿಸಿ, ಗಂಟಲು ಎಲ್ಲಿ ಮುಚ್ಚುತ್ತದೆ ಅಂತ ಕಣ್ಣಾರೆ ನೋಡುತ್ತಾರೆ. ಹಲ್ಲು ಹೊಂದಿಸಲು ಕ್ಲಿಪ್ ಬೇಕಾದರೆ ಅದಕ್ಕೇ ಹಲವು ತಿಂಗಳು. ಅಲ್ಲಿವರೆಗೆ ಕಷ್ಟವಾದರೂ ಮಷೀನ್ ಹಾಕಿಕೊಳ್ಳಿ.

ಎಷ್ಟು ಜನರಿಗೆ ಗುಣವಾಗುತ್ತದೆ?

2016ರಲ್ಲಿ 45 ಅಧ್ಯಯನಗಳ 518 ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದ್ದರು. ಗಂಟೆಗೆ ಸರಾಸರಿ 57 ಸಲ ಉಸಿರು ಕಟ್ಟುತ್ತಿದ್ದದ್ದು ಆಪರೇಷನ್ ಆದ ಮೇಲೆ 10ಕ್ಕಿಂತ ಕೆಳಗೆ ಇಳಿದಿತ್ತು. ನೂರಕ್ಕೆ ಸುಮಾರು 85 ಜನರಿಗೆ ಯಶಸ್ಸು. ಇಲ್ಲಿ ಯಶಸ್ಸು ಅಂದರೆ ಅರ್ಧಕ್ಕಿಂತ ಕಡಿಮೆಯಾಗಿ, 20ಕ್ಕಿಂತ ಕೆಳಗೆ ಬರುವುದು. ಪೂರ್ತಿ ಗುಣ, ಅಂದರೆ 5ಕ್ಕಿಂತ ಕೆಳಗೆ ಬಂದವರು ನೂರಕ್ಕೆ 40ರ ಒಳಗೆ. ಡಾಕ್ಟರ್ "ಸಕ್ಸೆಸ್" ಅಂದಾಗ ಯಾವ ಅರ್ಥದಲ್ಲಿ ಹೇಳುತ್ತಿದ್ದಾರೆ ಅಂತ ಕೇಳಿ. ನನ್ನದು 41ರಿಂದ 7ಕ್ಕೆ ಬಂತು. ಪೂರ್ತಿ ಗುಣ ಅನ್ನುವ ಸಾಲಿಗೆ ನಾನು ಸೇರಿಲ್ಲ.

ಆದರೆ ಬದುಕು ನಿಜವಾಗಿ ಬದಲಾಗುತ್ತದಾ?

ಈ ಪ್ರಶ್ನೆ ಕೇಳುವವರು ಕಡಿಮೆ. ನನಗೆ ಮಾತ್ರ ಇದೇ ಎಲ್ಲಕ್ಕಿಂತ ದೊಡ್ಡದು. ಎಲ್ಲರೂ ರಾತ್ರಿಯ ಅಂಕಿ ಕೇಳುತ್ತಾರೆ. ನಾವು ಬದುಕುವುದು ಹಗಲಿನಲ್ಲಿ ಅಲ್ವಾ?

ಹಗಲನ್ನು ಅಳೆಯಲೂ ಪ್ರಶ್ನಾವಳಿಗಳಿವೆ. ಎಪ್‌ವರ್ತ್ ಅಂತ ಒಂದಿದೆ. ಎಂಟು ಸಂದರ್ಭಗಳು: ಓದುವಾಗ, ಟಿವಿ ನೋಡುವಾಗ, ಗಾಡಿಯಲ್ಲಿ ಒಂದು ಗಂಟೆ ಸುಮ್ನೆ ಕೂತಾಗ, ಊಟವಾದ ಮೇಲೆ, ಹೀಗೆ. ತೂಕಡಿಕೆ ಎಷ್ಟು ಬರುತ್ತದೆ ಅಂತ ಪ್ರತಿಯೊಂದಕ್ಕೂ 0ರಿಂದ 3 ಅಂಕ. ಒಟ್ಟು 24. 10 ದಾಟಿದರೆ ಜಾಸ್ತಿ. ಮೇಲೆ ಹೇಳಿದ ಲೆಕ್ಕದಲ್ಲಿ ಇದರ ಸರಾಸರಿ 13ರ ಆಸುಪಾಸಿನಿಂದ 3ರ ಆಸುಪಾಸಿಗೆ ಬಂದಿತ್ತು. ನನ್ನದು 17 ಇತ್ತು, ಈಗ 4.

1997ರಲ್ಲಿ ಬಂದ ಇನ್ನೊಂದು ಪ್ರಶ್ನಾವಳಿ ಇನ್ನೂ ಆಳಕ್ಕೆ ಹೋಗುತ್ತದೆ. ಕೆಲಸ ಮಾಡುವ ಶಕ್ತಿ, ಓಡಾಟ, ಎಚ್ಚರ, ಜನರ ಜೊತೆ ಬೆರೆಯುವುದು, ಗಂಡ ಹೆಂಡತಿಯ ಸಂಬಂಧ. ಕೊನೆಯದನ್ನು ನೋಡಿ ನನಗೆ ಮುಖ ಕೆಂಪಾಯಿತು. ಅಂಥದ್ದನ್ನೂ ಬರೆದುಕೊಡಬೇಕಾ ಅಂದೆ. ಬರೆದೆ. ನಾವಿಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಮಲಗಲು ಶುರು ಮಾಡಿ ಎರಡು ವರ್ಷವಾಗಿತ್ತು. ಅದು ಕಾಯಿಲೆಯ ಭಾಗ ಅಂತ ಅಲ್ಲಿವರೆಗೆ ನಮಗೆ ಹೊಳೆದೇ ಇರಲಿಲ್ಲ.

ಏನು ಬದಲಾಯಿತು? ಕೌಂಟರಿನಲ್ಲಿ ಎಣಿಸಿದ ನೋಟನ್ನೇ ಮೂರು ಸಲ ಎಣಿಸುವುದು ನಿಂತಿತು. ಮಗಳ ಮೇಲೆ ಸಿಡುಕುವುದು ಕಡಿಮೆಯಾಯಿತು. ಸಂಜೆ ಬಂದ ಮೇಲೆ ರೊಟ್ಟಿ ಬಡಿಯಲು ಕೈಯಲ್ಲಿ ತ್ರಾಣ ಇರುತ್ತದೆ. ಮದುವೆಗೆ ಹೋಗಿ ಛತ್ರದಲ್ಲಿ ಎಲ್ಲರ ನಡುವೆ ಮಲಗಲು ಭಯವಿಲ್ಲ. ಇದೆಲ್ಲ ಮೊದಲ ವಾರವೇ ಆಗಲಿಲ್ಲ. ಮೊದಲ ಎರಡು ತಿಂಗಳು ಬದುಕು ಕೆಟ್ಟೇ ಇತ್ತು. ಊತ, ಹಸಿವು, ಜೋಮು. ಯಾಕಾದರೂ ಮಾಡಿಸಿಕೊಂಡೆ ಅಂತ ಅತ್ತದ್ದೂ ಇದೆ. ನಾಲ್ಕನೇ ತಿಂಗಳಿಗೆ ಹಗಲು ತಿಳಿಯಾಗತೊಡಗಿತು.

ಆಪರೇಷನ್ನಿಗೆ ಮೊದಲೇ ಈ ಎರಡೂ ಪ್ರಶ್ನಾವಳಿ ತುಂಬಿ ಇಟ್ಟುಕೊಳ್ಳಿ. ಆರು ತಿಂಗಳಿಗೆ ಮತ್ತೆ ತುಂಬಿ. ನಿದ್ದೆ ಪರೀಕ್ಷೆಯನ್ನೂ ಆಗ ಇನ್ನೊಮ್ಮೆ ಮಾಡಿಸಲೇಬೇಕು. ಗೊರಕೆ ನಿಂತಿದೆ ಅಂತ ಬಿಡಬೇಡಿ. ಸದ್ದಿಲ್ಲದೆಯೂ ಉಸಿರು ಕಟ್ಟಬಹುದು.

ಮುಖ ಬದಲಾಗುತ್ತದಾ?

ಬದಲಾಗುತ್ತದೆ. ತುಟಿ ಮುಂದೆ ಬರುತ್ತದೆ, ಮೂಗಿನ ಬುಡ ಸ್ವಲ್ಪ ಅಗಲವಾಗುತ್ತದೆ, ಗದ್ದ ಎದ್ದು ಕಾಣುತ್ತದೆ. ನನ್ನ ಹಾಗೆ ಗದ್ದ ಒಳಗಿದ್ದವರಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಮೊದಲೇ ಹಲ್ಲು, ತುಟಿ ಮುಂದಿದ್ದರೆ ಯೋಚನೆ ಬೇಕು. ಅಂಥವರಿಗೆ ಯೋಜನೆಯನ್ನೇ ಬೇರೆ ರೀತಿ ಮಾಡುತ್ತಾರೆ. ಕನ್ನಡಿಯಲ್ಲಿ ಬೇರೆ ಯಾರೋ ಕಂಡಂತಾಗಿ ಒಂದು ತಿಂಗಳು ನನಗೆ ಕಸಿವಿಸಿ. ನಮ್ಮ ಅತ್ತೆ ಮಾತ್ರ ಮೊದಲ ದಿನವೇ ಗದ್ದ ಹಿಡಿದು "ಈಗ ನಮ್ಮ ಸೊಸೀಗೆ ಗದ್ದ ಬಂತು ನೋಡ್ರಿ" ಅಂದರು.

ತುಟಿ ಜೋಮು ಹಿಡಿಯುತ್ತದೆ ಅನ್ನುತ್ತಾರೆ. ನಿಜವಾ?

ನಿಜ. ಕೆಳದವಡೆಯ ಒಳಗೇ ಒಂದು ನರ ಹಾದುಹೋಗುತ್ತದೆ. ಕೆಳತುಟಿ, ಗದ್ದದ ಸ್ಪರ್ಶ ಅದರದ್ದು. ಕತ್ತರಿಸುವುದು ಅದರ ಪಕ್ಕದಲ್ಲೇ. ಹಾಗಾಗಿ ಮೊದಮೊದಲು ಬಹುತೇಕ ಎಲ್ಲರಿಗೂ ಜೋಮು. ಆರು ತಿಂಗಳಿಂದ ಒಂದು ವರ್ಷದಲ್ಲಿ ಹೆಚ್ಚಿನವರಿಗೆ ಸ್ಪರ್ಶ ಮರಳುತ್ತದೆ. ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ವಯಸ್ಸಾದಷ್ಟೂ ಉಳಿಯುವ ಸಾಧ್ಯತೆ ಜಾಸ್ತಿ. ತುಟಿ ಆಡಿಸುವುದು ಬೇರೆ ನರದ ಕೆಲಸ, ಆದ್ದರಿಂದ ಬಾಯಿ ಸೊಟ್ಟಗಾಗುವುದು ಬಹಳ ಅಪರೂಪ.

ನನಗೆ ಗದ್ದದ ಎಡಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ಮರಗಟ್ಟಿದೆ. ಅಲ್ಲಿ ಅನ್ನದ ಅಗುಳು ಅಂಟಿದರೆ ಗೊತ್ತಾಗುವುದಿಲ್ಲ. ಮಗಳು ಕಣ್ಣಲ್ಲೇ ಸನ್ನೆ ಮಾಡುತ್ತಾಳೆ. ಮೊದಲ ತಿಂಗಳುಗಳಲ್ಲಿ ಬಿಸಿ ಚಹಾ ಜೋಪಾನ. ಸುಟ್ಟರೂ ತಿಳಿಯುವುದಿಲ್ಲ.

ಉಳಿದ ತೊಂದರೆಗಳು ಅಪರೂಪವಾದರೂ ಇವೆ. ರಕ್ತಸ್ರಾವ, ಸೋಂಕು, ಹಲ್ಲು ಸರಿಯಾಗಿ ಕೂಡದಿರುವುದು, ಪಟ್ಟಿ ತೆಗೆಯಬೇಕಾಗುವುದು, ಮೂಳೆ ಸ್ವಲ್ಪ ಹಿಂದೆ ಸರಿಯುವುದು. ಸಹಿ ಹಾಕುವ ಮುಂಚೆ ಇವನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳಲು ಕೇಳಿ.

ಊಟಕ್ಕೆ ಏನು ಮಾಡುವುದು? ರೊಟ್ಟಿ ಇಲ್ಲದೆ ನಮಗೆ ಆಗುವುದಿಲ್ಲ!

ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿವರೆಗೆ ಜಗಿಯುವಂತಿಲ್ಲ. ಮೊದಲ ಎರಡು ವಾರ ಬರೀ ದ್ರವ. ಹಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿರುತ್ತಾರೆ, ಬಾಯಿ ಸ್ವಲ್ಪವೇ ತೆರೆಯುತ್ತದೆ. ದೊಡ್ಡ ಸಿರಿಂಜಿನಿಂದ ಕೆನ್ನೆಯ ಪಕ್ಕಕ್ಕೆ ಬಿಟ್ಟುಕೊಂಡು ಕುಡಿಯಬೇಕು.

ನಮ್ಮ ಕಡೆಯ ಅಡಿಗೆ ಇದಕ್ಕೆ ಬಹಳ ಅನುಕೂಲ. ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ, ಸೋಸಿ ಕುಡಿದೆ. ಬೇಳೆ ಕಟ್ಟು, ರಾಗಿ ಗಂಜಿ, ಹೆಸರುಬೇಳೆ ತಿಳಿಸಾರು, ಹಾಲು, ಮೊಸರು. ಮೂರನೇ ವಾರದಿಂದ ಗೋಧಿ ಹುಗ್ಗಿಯನ್ನು ಮಿಕ್ಸರಿಗೆ ಹಾಕಿ ಹಾಲು ಸೇರಿಸಿ ಕೊಟ್ಟರು. ತತ್ತಿ ತಿನ್ನುವವರಿಗೆ ಅದೂ ಒಳ್ಳೆಯದು. ಎಣ್ಣೆಗಾಯಿಯನ್ನೂ ಒಮ್ಮೆ ಮಿಕ್ಸರಿಗೆ ಹಾಕಿಸಿದೆ. ರುಚಿ ಇತ್ತು, ನೋಡಲು ಮಾತ್ರ ಆಗಲಿಲ್ಲ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕುಡಿಯಿರಿ. ನಾನು 5 ಕೆಜಿ ಇಳಿದೆ. ಪ್ರತಿ ಸಲವೂ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಹೊಲಿಗೆಗೆ ಸೋಂಕು.

ಒಂದೂವರೆ ತಿಂಗಳಿಗೆ ಮೆತ್ತನೆ ಅನ್ನ. ಎರಡೂವರೆ ತಿಂಗಳಿಗೆ ಬಿಸಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದೆ. ಕಟಕ ರೊಟ್ಟಿ, ಕರದಂಟು ಮುಟ್ಟಲು ಐದು ತಿಂಗಳು ಬೇಕಾಯಿತು.

ಗುಟ್ಕಾ, ತಂಬಾಕು ತಿನ್ನುವವರು ಮಾಡಿಸಬಹುದಾ?

ಮೊದಲು ಬಿಡಬೇಕು. ತಂಬಾಕು ಗಾಯ ಮಾಯಲು, ಮೂಳೆ ಕೂಡಲು ಬಿಡುವುದಿಲ್ಲ. ಅಡಿಕೆ, ಗುಟ್ಕಾದಿಂದ ಒಳಗೆನ್ನೆ ಗಡುಸಾಗಿ ಬಾಯಿಯೇ ತೆರೆಯದಂತೆ ಆಗಿದ್ದರೆ ಅರಿವಳಿಕೆಯ ಟ್ಯೂಬ್ ಹಾಕುವುದೂ ಕಷ್ಟ, ಬಾಯೊಳಗೆ ಆಪರೇಷನ್ ಮಾಡುವುದೂ ಕಷ್ಟ. ಇದನ್ನು ಮುಚ್ಚಿಡಬೇಡಿ.

ಚಿಕ್ಕಂದಿನಲ್ಲಿ ಬಿದ್ದು ಗದ್ದಕ್ಕೆ ಪೆಟ್ಟಾಗಿತ್ತು. ಅಂದಿನಿಂದ ಬಾಯಿ ತೆರೆಯುವುದಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿದೆಯಾ?

ಇದೆ. ದವಡೆಯ ಕೀಲು ಮೂಳೆಯಾಗಿ ಬೆಸೆದುಕೊಂಡರೆ ಬಾಯಿ ತೆರೆಯುವುದಿಲ್ಲ. ಮಗುವಿಗೆ ಹೀಗಾದರೆ ಕೆಳದವಡೆ ಬೆಳೆಯುವುದೂ ನಿಲ್ಲುತ್ತದೆ. ಕಿವಿಯ ಸೋಂಕಿನಿಂದಲೂ ಆಗಬಹುದು. ಇಂಥವರಲ್ಲಿ ಉಸಿರು ಕಟ್ಟುವುದು ಬಹಳ ಜೋರಾಗಿರುತ್ತದೆ. ಹಲವರಿಗೆ ಒಮ್ಮೆಲೇ ಸರಿಸುವ ಬದಲು, ಮೂಳೆ ಕತ್ತರಿಸಿ ಒಂದು ಸಾಧನ ಕೂರಿಸಿ ದಿನಕ್ಕೆ ಸುಮಾರು 1 ಮಿಲಿಮೀಟರ್ ಲೆಕ್ಕದಲ್ಲಿ ನಿಧಾನಕ್ಕೆ ಎಳೆಯುತ್ತಾರೆ. ನಡುವಿನ ಜಾಗದಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಮನೆಯಲ್ಲಿ ಇಂಥ ಮಗುವಿದ್ದರೆ ದೊಡ್ಡದಾಗಲಿ ಅಂತ ಕಾಯದೆ ಈಗಲೇ ತೋರಿಸಿ.

ಅಣ್ಣ ಕಬ್ಬಿನ ಲಾರಿ ಓಡಿಸುತ್ತಾನೆ. ಸ್ಟೇರಿಂಗ್ ಮೇಲೇ ತೂಕಡಿಸುತ್ತಾನೆ. ಏನು ಮಾಡಲಿ?

ಅವರು ಗಾಡಿ ಓಡಿಸುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ಸೀಸನ್ ಕಳೆದುಹೋಗುತ್ತದೆ, ಬಾಡಿಗೆ ತಪ್ಪುತ್ತದೆ ಅಂತ ನನಗೂ ಗೊತ್ತು. ನಮ್ಮ ಮನೆಯಲ್ಲೂ ಕಬ್ಬಿನವರು ಇದ್ದಾರೆ. ಆದರೆ ತುಂಬಿದ ಲಾರಿಯಲ್ಲಿ ಎರಡು ಸೆಕೆಂಡ್ ಕಣ್ಣು ಮುಚ್ಚಿದರೆ ಸಾಕು. ಆಪರೇಷನ್ನಿಗೆ ತಿಂಗಳುಗಟ್ಟಲೆ ತಯಾರಿ ಬೇಕು. ಮಷೀನ್ ಹಾಗಲ್ಲ, ಬೇಗ ಶುರು ಮಾಡಬಹುದು. ಅವರಿಗೆ ಮೊದಲು ಮಷೀನ್, ಆಮೇಲೆ ಉಳಿದ ಮಾತು. ಚಹಾ ಕುಡಿಸಿ, ಮುಖಕ್ಕೆ ನೀರು ಹೊಡೆದು ಇದನ್ನು ಗೆಲ್ಲಲು ಆಗುವುದಿಲ್ಲ.

ಎಲ್ಲಿ ತೋರಿಸಬೇಕು? ಖರ್ಚಿಗೆ ಏನಾದರೂ ನೆರವಿದೆಯಾ?

ದವಡೆ ಆಪರೇಷನ್ ಮಾಡುವವರು ಓರಲ್ ಮತ್ತು ಮ್ಯಾಕ್ಸಿಲೊಫೇಶಿಯಲ್ ಸರ್ಜನ್‌ಗಳು. ಡೆಂಟಲ್ ಕಾಲೇಜುಗಳಲ್ಲಿ ಈ ವಿಭಾಗ ಇರುತ್ತದೆ. ಬೆಳಗಾವಿಯಲ್ಲಿ ಕೆಎಲ್ಇ, ಮರಾಠಾ ಮಂಡಳ, ಬಾಗಲಕೋಟೆಯಲ್ಲಿ ಪಿಎಂಎನ್ಎಂ, ವಿಜಯಪುರದಲ್ಲಿ ಅಲ್ ಅಮೀನ್ ಡೆಂಟಲ್ ಕಾಲೇಜುಗಳಿವೆ. ಮೊದಲ ಸಲಹೆಗೆ ಹತ್ತಿರದ್ದೇ ಸಾಕು. ನಿದ್ದೆ ಕಾಯಿಲೆಗೆ ಈ ಆಪರೇಷನ್ ಅಲ್ಲಿ ಮಾಡುತ್ತಾರಾ, ಇದುವರೆಗೆ ಎಷ್ಟು ಮಾಡಿದ್ದಾರೆ ಅಂತ ನೇರವಾಗಿ ಕೇಳಿ. ಒಳ್ಳೆಯ ಡಾಕ್ಟರ್ ಸಿಟ್ಟಾಗುವುದಿಲ್ಲ. ಸರ್ಜನ್ ಜೊತೆ ಶ್ವಾಸಕೋಶದ ಅಥವಾ ಇಎನ್‌ಟಿ ಡಾಕ್ಟರ್, ಹಲ್ಲಿನ ಕ್ಲಿಪ್ ಡಾಕ್ಟರ್, ಅರಿವಳಿಕೆ ಡಾಕ್ಟರ್ ಕೂಡಿ ನೋಡಬೇಕು. ಲೋಕಾಪುರ, ಯರಗಟ್ಟಿ ದಾರಿ ಹಿಡಿದು ನಾವು ಬೆಳಗಾವಿಗೆ ಹನ್ನೊಂದು ಸಲ ಓಡಾಡಿದೆವು. ಆ ಲೆಕ್ಕವನ್ನೂ ಖರ್ಚಿನಲ್ಲಿ ಇಟ್ಟುಕೊಳ್ಳಿ.

ಬಿಪಿಎಲ್ ಕಾರ್ಡ್ ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವು ಇದೆ. ನಿಮ್ಮ ಆಪರೇಷನ್ ಅದರ ಪಟ್ಟಿಯಲ್ಲಿ ಬರುತ್ತದಾ ಅಂತ ಸೇರುವ ಮುಂಚೆಯೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಖಾಸಗಿ ವಿಮೆಯವರು ಇದನ್ನು ಚಂದ ಕಾಣಲು ಮಾಡಿಸುವ ಆಪರೇಷನ್ ಅಂದುಕೊಳ್ಳುವುದುಂಟು. ನಿದ್ದೆ ಪರೀಕ್ಷೆಯ ವರದಿ, ಮಷೀನ್ ಬಳಸಿ ನೋಡಿದ ದಾಖಲೆ, ಡಾಕ್ಟರ ಪತ್ರ ಮೂರನ್ನೂ ಲಗತ್ತಿಸಿ. ಪಟ್ಟಿ, ಸ್ಕ್ರೂ, ಐಸಿಯು, ಕ್ಲಿಪ್ ಎಲ್ಲ ಸೇರಿ ಎಷ್ಟು ಅಂತ ಬರೆಸಿಕೊಳ್ಳಿ.

ಒಮ್ಮೆ ಮಾಡಿಸಿದರೆ ಜೀವನಪೂರ್ತಿ ಚಿಂತೆ ಇಲ್ಲವಾ?

ಮೂಳೆ ಅಲ್ಲೇ ಇರುತ್ತದೆ. ಆದರೆ ತೂಕ ಏರಿದರೆ, ವಯಸ್ಸಾದಂತೆ ಗಂಟಲು ಸಡಿಲವಾದರೆ ಕಾಯಿಲೆ ಸ್ವಲ್ಪ ಮರಳಬಹುದು. ತೂಕಡಿಕೆ ಮತ್ತೆ ಶುರುವಾದರೆ ಮತ್ತೆ ಪರೀಕ್ಷೆ ಮಾಡಿಸಿ. ಮುಂದೆ ಬೇರೆ ಯಾವ ಆಪರೇಷನ್ ಆದರೂ, ಹರ್ನಿಯಾ ಇರಲಿ, ಗರ್ಭಕೋಶದ್ದಿರಲಿ, ನಿಮಗೆ ಈ ಕಾಯಿಲೆ ಇತ್ತು ಅಂತ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ.

ಮೊದಲ ಸಲ ಹೋಗುವಾಗ ಏನು ಒಯ್ಯಬೇಕು?

ತಿನ್ನುವ ಗುಳಿಗೆಗಳ ಚೀಟಿ, ಹಳೆಯ ವರದಿಗಳು. ಅದಕ್ಕಿಂತ ಮುಖ್ಯವಾಗಿ ನೀವು ಮಲಗುವ ಕೋಣೆಯಲ್ಲೇ ಮಲಗುವವರನ್ನು ಕರೆದುಕೊಂಡು ಹೋಗಿ. ನಮ್ಮ ಮನೆಯವರು ಬೇರೆ ಕೋಣೆಯಲ್ಲಿದ್ದರು, ಹಾಗಾಗಿ ಮಗಳು ಬಂದಳು. ನಾನು ಮಲಗಿದ್ದಾಗ ಅವಳು ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋ ಮಾಡಿದ್ದಳು. ಡಾಕ್ಟರ್ ನೋಡಿ ನನ್ನನ್ನು ಬಿಟ್ಟು ಅವಳನ್ನೇ ಕೇಳತೊಡಗಿದರು. ಎಷ್ಟು ಹೊತ್ತು ಉಸಿರು ನಿಲ್ಲುತ್ತದೆ ಅಂದಾಗ ಅವಳು ತಡಮಾಡದೆ "ನಾ ಇಪ್ಪತ್ತೈದರ ತನಕ ಎಣಸೀನ್ರಿ" ಅಂದಳು. ಅವಳು ಹಾಗೆ ಎಚ್ಚರವಿದ್ದು ಎಣಿಸುತ್ತಿದ್ದಳು ಅನ್ನುವುದು ನನಗೆ ಅಂದೇ ಗೊತ್ತಾದದ್ದು.